ನೀತಿಯಿಲ್ಲದ ಎಮ್ಮೆ

ವೈಜಯಂತಿ ತರಕಾರಿ ಭಯ್ಯಾನಿಗೆ ಕನ್ನಡ ಕಲಿಸಿದ ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ. ಆಗ ಅವಳು ಎಂಥ ಹೆಂಗಸೆಂದು ಬೇರೆಯಾಗಿ ವಿವರಿಸಬೇಕಾಗುವುದಿಲ್ಲ.

ದಿಲ್ಲಿಯ ಆರ್.ಕೆ.ಪುರಂನ ನಮ್ಮ ಬ್ಲಾಕಿನಲ್ಲಿ ಐದಾರು ಕನ್ನಡದ ಮನೆಗಳಿದ್ದವು. ಗಂಡಂದಿರೆಲ್ಲ ಕೇಂದ್ರ ಸರ್ಕಾರದ ಒಂದಲ್ಲ ಒಂದು ಕಚೇರಿಯಲ್ಲಿ ಗುಮಾಸ್ತರು. ವೈಜಯಂತಿಯ ಗಂಡ ಸೋಮಶೇಖರನೂ ಹಾಗೆಯೇ. ಮಾತು ಕಡಿಮೆ, ನಗು ಇನ್ನೂ ಕಡಿಮೆ. ಅವರ ಕೆಳಗಿನ ಮನೆ ನಮ್ಮದು. ಒಂದು ದಿನ ತಳ್ಳುಗಾಡಿಯ ಭಯ್ಯಾ, "ದೀದಿ, ನಿಮ್ಮ ಭಾಷೆಯಲ್ಲಿ ತಾಜಾ ಅನ್ನೋದಕ್ಕೆ ಏನಂತಾರೆ?" ಎಂದು ಹಿಂದಿಯಲ್ಲಿ ಕೇಳಿದ. ವೈಜಯಂತಿ ಮುಖದ ಒಂದು ಗೆರೆಯೂ ಅಲುಗದಂತೆ "ಕೊಳೆತ" ಎಂದಳು. ಮರುದಿನ ಬೆಳಿಗ್ಗೆ ಏಳೂವರೆಗೆ ನಮ್ಮ ಬ್ಲಾಕಿನ ಕೆಳಗೆ ಅವನ ದನಿ ಮೊಳಗಿತು: "ಕೊಳೆತ ಟಮಾಟರ್! ಕೊಳೆತ ಪಾಲಕ್!" ಕನ್ನಡದ ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ಕೆಳಗಿಳಿದರು, ಇಳಿದವರು ತರಕಾರಿಯನ್ನೂ ಕೊಂಡರು. ಹದಿನೈದು ದಿನ ಕಳೆದ ಮೇಲೆ ನಾನೇ ಮನಸ್ಸು ತಡೆಯದೆ ಅವನಿಗೆ ನಿಜ ಹೇಳಿದೆ. ಅವನು ಯೋಚಿಸಿ, "ಚಲೋ, ವ್ಯಾಪಾರ ಚೆನ್ನಾಗಿದೆ" ಎಂದು ಅದೇ ಕೂಗು ಮುಂದುವರಿಸಿದ.

ಇಂಥವಳು ಭಾನುವಾರದ ಕನ್ನಡ ತರಗತಿಯ ಟೀಚರು. ನಮ್ಮ ಕನ್ನಡ ಕೂಟ ನಡೆಸುತ್ತಿದ್ದ ತರಗತಿ ಅದು. ಸಮಾಜ ಸದನದ ಪಕ್ಕದ ಕೋಣೆ, ಒಂದು ಜಮಖಾನ, ಒಂದು ಕರಿಹಲಗೆ, ಐದರಿಂದ ಎಂಟು ವರ್ಷದ ಹನ್ನೊಂದು ಮಕ್ಕಳು. ಎಲ್ಲರೂ ದಿಲ್ಲಿಯಲ್ಲೇ ಹುಟ್ಟಿದವರು. ಕನ್ನಡ ಕೇಳಿದರೆ ಅರ್ಥವಾಗುತ್ತಿತ್ತು; ಬಾಯಿ ಬಿಟ್ಟರೆ ಹಿಂದಿ ಬರುತ್ತಿತ್ತು. ನಾನು ಕೂಟದ ಕಾರ್ಯದರ್ಶಿ. ಅಂದರೆ ಸಭೆಗೆ ಚಹಾ ಮಾಡಿ ನಡಾವಳಿ ಬರೆಯುವವಳು.

ಎರಡು ಸಾವಿರದ ಐದನೇ ಇಸವಿಯ ಡಿಸೆಂಬರಿನಲ್ಲಿ ಬೆಂಗಳೂರಿನ ಪ್ರಕಾಶಕರೊಬ್ಬರು ಆರು ಚಿತ್ರಪುಸ್ತಕಗಳ ಮಾದರಿ ಪ್ರತಿ ಕಳಿಸಿದರು. ಯಾವುದು ನಮ್ಮ ತರಗತಿಗೆ ಒಪ್ಪುತ್ತದೋ ಅದರ ಇಪ್ಪತ್ತು ಪ್ರತಿ ಉಚಿತವಾಗಿ ಕೊಡುವುದಾಗಿ ಬರೆದಿದ್ದರು. ಕೆಲಸದ ಮೇಲೆ ದಿಲ್ಲಿಗೆ ಬಂದ ಅಧಿಕಾರಿಯೊಬ್ಬರ ಕೈಲಿ ಕಟ್ಟು ಬಂದಿತ್ತು. ನಾನೂ ವೈಜಯಂತಿಯೂ ಆಟೋ ಹಿಡಿದು ಚಾಣಕ್ಯಪುರಿಯ ಅತಿಥಿಗೃಹಕ್ಕೆ ಹೋಗಿ ತಂದೆವು. ವಾಪಸು ಬರುವಾಗ ಆಟೋದಲ್ಲೇ ಅವಳು ಕಟ್ಟು ಬಿಚ್ಚಿದಳು. ಒಂದರಲ್ಲಿ ಮೊಲ ಹಲ್ಲುಜ್ಜುತ್ತಿತ್ತು. ಒಂದರಲ್ಲಿ ಕರಡಿ ಕ್ಷಮೆ ಕೇಳುತ್ತಿತ್ತು. ಇನ್ನೊಂದರಲ್ಲಿ ಸುಳ್ಳು ಹೇಳಿದ ಗುಬ್ಬಚ್ಚಿಗೆ ಕೊಕ್ಕು ಡೊಂಕಾಗಿತ್ತು. ಐದು ಪುಸ್ತಕಗಳೂ ಹೀಗೇ. ಆರನೆಯದರ ಹೆಸರು 'ಎಮ್ಮೆ ಮಹಡಿ ಹತ್ತಿತು'.

ಹದಿನಾರು ಪುಟ, ಪುಟಕ್ಕೆ ಒಂದೇ ಸಾಲು. ಮಧ್ಯಾಹ್ನ ಎಲ್ಲರೂ ಮಲಗಿರುವಾಗ ಎಮ್ಮೆಯೊಂದು ಯಾರದೋ ಮನೆಯ ಮೆಟ್ಟಿಲು ಹತ್ತಿ ಮಹಡಿಗೆ ಹೋಗುತ್ತದೆ. ಅಲ್ಲಿ ಒಣಗಲು ಹಾಕಿದ ಹಪ್ಪಳವನ್ನೆಲ್ಲ ತಿನ್ನುತ್ತದೆ. ಬಾಲ ಅಲ್ಲಾಡಿಸುತ್ತದೆ. ಹಗ್ಗದ ಮೇಲಿದ್ದ ಸೀರೆ ಕೊಂಬಿಗೆ ಸಿಕ್ಕಿಕೊಳ್ಳುತ್ತದೆ. ಬೀದಿಯವರೆಲ್ಲ ಸೇರಿ ಕೂಗುತ್ತಾರೆ, ಹುಲ್ಲು ತೋರಿಸುತ್ತಾರೆ, ಹಗ್ಗ ಎಳೆಯುತ್ತಾರೆ. ಎಮ್ಮೆ ಜಗ್ಗುವುದಿಲ್ಲ. ಸಂಜೆ ಆರು ಗಂಟೆಗೆ ತಾನಾಗಿ ಇಳಿದು ಕೊಟ್ಟಿಗೆಗೆ ಹೋಗುತ್ತದೆ. 'ಎಮ್ಮೆ ಏನೂ ಹೇಳಲಿಲ್ಲ' ಎಂದು ಹದಿನೈದನೇ ಪುಟ. ಹದಿನಾರನೆಯದರಲ್ಲಿ ಮಾತಿಲ್ಲ. ಮೆಟ್ಟಿಲ ಮೇಲೆ ಬಿದ್ದ ಸೆಗಣಿಯ ಚಿತ್ರ ಮಾತ್ರ, ಬಿಸಿಬಿಸಿಯಾಗಿ ಹೊಗೆಯಾಡುತ್ತಿದೆ.

ಆ ದಿನ ಸಂಜೆ ಪುಸ್ತಕಗಳು ವೈಜಯಂತಿಯ ಮನೆಯ ಮಂಚದ ಮೇಲಿದ್ದವು. ಅವಳ ಮಗಳು ಲಾವಣ್ಯಾ ಆಗ ಕಾಲೇಜಿನಲ್ಲಿದ್ದಳು. ಏಳು ವರ್ಷದವಳಿದ್ದಾಗಲೇ ಅವಳು ಕನ್ನಡ ಓದುವುದನ್ನು ಬಿಟ್ಟಿದ್ದಳು. "ಅಮ್ಮಾ, ಕನ್ನಡ ಬುಕ್ಸ್ ಯಾವಾಗಲೂ ಡಾಂಟ್‌ತಾವೆ, ನನಗೆ ಬೇಡ" ಎಂದಿದ್ದಳಂತೆ. ಬರೀ ಗದರಿಸುತ್ತವೆ ಎಂದು ದೂರು. ಆ ಮಾತನ್ನು ವೈಜಯಂತಿ ನನಗೆ ಹತ್ತು ಸಲವಾದರೂ ಹೇಳಿದ್ದಾಳೆ, ಪ್ರತಿಸಲವೂ ನಗುತ್ತಲೇ. ನಗು ಮುಗಿದ ಮೇಲೆ ಬೇರೆ ಮಾತು ತೆಗೆಯುತ್ತಿದ್ದಳು. ಈಗ ಲಾವಣ್ಯಾ ಕೂದಲಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಎಮ್ಮೆಯ ಪುಸ್ತಕ ತೆರೆದವಳು, ಹಪ್ಪಳದ ಪುಟಕ್ಕೆ ಬಂದಾಗ ಕಿಸಕ್ಕನೆ ನಕ್ಕಳು. ಎದ್ದು ಹೋಗಿ, ಪೇಪರು ಓದುತ್ತಿದ್ದ ಅಪ್ಪನಿಗೆ ಅಕ್ಷರ ಕೂಡಿಸಿ ಕೂಡಿಸಿ ಕೊನೆಯವರೆಗೂ ಓದಿ ಹೇಳಿದಳು. ಸೆಗಣಿಯ ಪುಟ ನೋಡಿ ಸೋಮಶೇಖರನೂ ನಕ್ಕನಂತೆ. ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ವೈಜಯಂತಿ ಅಲ್ಲೇ ತೀರ್ಮಾನ ಮಾಡಿಬಿಟ್ಟಳು.

ಆದರೆ ತೀರ್ಮಾನ ಮಾಡಬೇಕಾದವಳು ಅವಳಲ್ಲ. ಅದಕ್ಕೊಂದು ಸಮಿತಿ ಇತ್ತು. ಅಧ್ಯಕ್ಷರು ಸೂರ್ಯನಾರಾಯಣ, ಅಧೀನ ಕಾರ್ಯದರ್ಶಿಯಾಗಿ ನಿವೃತ್ತರು. ಸದಸ್ಯರು ಇಬ್ಬರು: ಸರ್ಕಾರಿ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದ ಸುಶೀಲಮ್ಮ, ಕನ್ನಡ ಅನುವಾದಕರಾಗಿದ್ದ, ಎಲ್ಲರೂ ಮೇಷ್ಟ್ರು ಎಂದೇ ಕರೆಯುತ್ತಿದ್ದ ವೆಂಕಟಸುಬ್ಬಯ್ಯ. ಸೂರ್ಯನಾರಾಯಣ ಅವರು ಪುಸ್ತಕದ ಮೌಲ್ಯಮಾಪನಕ್ಕೆಂದು ಹತ್ತೊಂಬತ್ತು ಕಲಂಗಳ ನಮೂನೆಯೊಂದನ್ನು ತಾವೇ ತಯಾರಿಸಿದ್ದರು. ಕಾಗದದ ದಪ್ಪ, ಹೊಲಿಗೆಯೋ ಪಿನ್ನೋ, ಅಕ್ಷರದ ಗಾತ್ರ, ಪುಟಕ್ಕೆಷ್ಟು ಒತ್ತಕ್ಷರ, ಚಿತ್ರಕ್ಕೂ ಮಾತಿಗೂ ಹೊಂದಾಣಿಕೆ ಇದೆಯೇ. ಹನ್ನೊಂದನೇ ಕಲಂ: 'ಕೃತಿಯಿಂದ ಮಗುವಿಗೆ ದೊರೆಯುವ ನೀತಿ, ಒಂದೇ ವಾಕ್ಯದಲ್ಲಿ.'

ವೈಜಯಂತಿ ತನ್ನ ರೀತಿಯಲ್ಲಿ ಮೊದಲು ಮಕ್ಕಳ ಮುಂದೆ ಪರೀಕ್ಷೆ ಮಾಡಿದಳು. ಆರೂ ಪುಸ್ತಕಗಳನ್ನು ಒಂದು ಭಾನುವಾರ ಓದಿ ಹೇಳಿದಳು. ನಾನು ಹಿಂದೆ ಕೂತು ನೋಡುತ್ತಿದ್ದೆ. ಮೊಲ ಹಲ್ಲುಜ್ಜುವಾಗ ಗಗನ್ ಎಂಬ ಹುಡುಗ ಜಮಖಾನದ ದಾರ ಕೀಳುತ್ತಿದ್ದ. ಕರಡಿ ಕ್ಷಮೆ ಕೇಳುವಾಗ ಇಬ್ಬರು ನೀರು ಕುಡಿಯಲು ಹೋದರು. ಎಮ್ಮೆಯ ಸರದಿ ಬಂತು.

"ಎಮ್ಮೆ ಮಹಡಿ ಹತ್ತಿತು," ಎಂದು ವೈಜಯಂತಿ ಓದಿದಳು.

ಆರು ವರ್ಷದ ಹರ್ಷಿಣಿ ಕೈ ಎತ್ತಿದಳು. "ಆಂಟಿ, ಎಮ್ಮೆ ತೋ ಇದೆ. ಹಾಥಿ ಎಲ್ಲಿ?"

"ಯಾವ ಹಾಥಿ ಪುಟ್ಟಿ?"

"ನೀವೇ ಹೇಳಿದ್ರಲ್ಲ, ಹತ್ತಿ... ಹಾಥಿ ಅಂತ!"

ಹಿಂದಿಯ ಆನೆಗೂ ಕನ್ನಡದ ಹತ್ತುವುದಕ್ಕೂ ಇರುವ ದೂರವನ್ನು ವೈಜಯಂತಿ ಕುರ್ಚಿ ಹತ್ತಿ ಇಳಿದು ತೋರಿಸಿದಳು. ಮಕ್ಕಳೂ ಹತ್ತಿ ಇಳಿದರು. ಐದು ನಿಮಿಷ ಕೋಣೆಯಲ್ಲಿ ಇದ್ದದ್ದು ಒಂದೇ ಕ್ರಿಯಾಪದ. ಮುಂದೊಂದು ಪುಟದಲ್ಲಿ ಎಮ್ಮೆ ಬಾಲ ಅಲ್ಲಾಡಿಸಿದಾಗ ಹನ್ನೊಂದು ಮಕ್ಕಳೂ ತಲೆಗೂದಲನ್ನು ಪಟಪಟನೆ ಕೊಡವಿದರು. ಹಿಂದಿಯಲ್ಲಿ ಬಾಲ್ ಎಂದರೆ ಕೂದಲಲ್ಲವೇ! ವೈಜಯಂತಿ ತಿದ್ದಲಿಲ್ಲ, ತಾನೂ ಜಡೆ ಬೀಸಿದಳು. ಕತೆ ಮುಗಿದಾಗ ಯಾರೂ ನೀರಿಗೆ ಎದ್ದಿರಲಿಲ್ಲ. "ಫಿರ್ ಸೇ, ಆಂಟಿ, ಇನ್ನೊಂದ್ಸಲ" ಎಂದರು. ಎಮ್ಮೆಯೇನೂ ಅವರಿಗೆ ಹೊಸದಲ್ಲ. ಮುನಿರ್ಕಾದ ಗಲ್ಲಿಯಲ್ಲಿ ದಿನವೂ ಅವರ ಸ್ಕೂಲ್ ವ್ಯಾನಿಗೆ ಅಡ್ಡ ನಿಲ್ಲುವುದು ಅದೇ. ಆದರೆ ಪುಸ್ತಕದೊಳಗೆ ಬಂದದ್ದು ಇದೇ ಮೊದಲು.

ಅವಳು ನಮೂನೆ ತುಂಬಿ, ಹನ್ನೊಂದನೇ ಕಲಂ ಖಾಲಿ ಬಿಟ್ಟು ಕಳಿಸಿದಳು. ಮೂರನೇ ದಿನ ಅದು ಹಿಂತಿರುಗಿ ಬಂತು. ಕೆಂಪು ಶಾಯಿಯಲ್ಲಿ ಸೂರ್ಯನಾರಾಯಣ ಅವರ ಷರಾ: 'ನೀತಿ ನಮೂದಾಗಿಲ್ಲ. ನೀತಿಯಿಲ್ಲದ ಕೃತಿಯನ್ನು ಪರಿಗಣಿಸಲಾಗದು.'

"ಹೋಗಲಿ ಬಿಡು, ಮೊಲವನ್ನೇ ತರಿಸೋಣ," ಎಂದೆ ನಾನು.

"ಮೊಲ ಹಲ್ಲುಜ್ಜಿಕೊಂಡಿರಲಿ ಸರಳಾ. ನಾಳೆ ನನ್ನ ಜೊತೆ ಬಾ," ಎಂದಳು. ಟೊಮೇಟೊ ಕೊಳೆಸಿದ ದಿನದ ಮುಖ ಅದು. ನನಗೆ ಭಯವಾಯಿತು, ಆದರೂ ಹೋದೆ.

ಸೂರ್ಯನಾರಾಯಣ ಅವರು ಬಾಲ್ಕನಿಯ ಬಿಸಿಲಿನಲ್ಲಿ ಶಾಲು ಹೊದ್ದು ಕೂತಿದ್ದರು. ನಿವೃತ್ತರಾಗಿ ಎಂಟು ವರ್ಷವಾಗಿದ್ದರೂ ಅವರಿಗೆ ಒಂದು ಕೋಪ ಆರಿರಲಿಲ್ಲ. ಅವರ ಮೇಲಧಿಕಾರಿ ನಿವೃತ್ತಿಯ ವಯಸ್ಸು ದಾಟಿದ ಮೇಲೂ ಎರಡು ಸಲ ಸೇವಾವಧಿ ವಿಸ್ತರಣೆ ಪಡೆದು ಕುರ್ಚಿಗೆ ಅಂಟಿಕೊಂಡಿದ್ದರಿಂದ ಇವರ ಬಡ್ತಿ ತಪ್ಪಿತ್ತು. ವೈಜಯಂತಿಗೆ ಅದು ಗೊತ್ತಿತ್ತು, ಆರ್.ಕೆ.ಪುರಂನಲ್ಲಿ ಎಲ್ಲರಿಗೂ ಗೊತ್ತಿತ್ತು.

"ಸಾರ್, ನಾನು ದಡ್ಡಿ. ಕಲಂ ತುಂಬೋಕೆ ತಿಳೀಲಿಲ್ಲ," ಎಂದಳು. "ಎಮ್ಮೆ ಮೇಲಕ್ಕೆ ಹೋಯ್ತು. ಯಾರೂ ಹತ್ತಿಸಲಿಲ್ಲ, ದಬ್ಬಲಿಲ್ಲ. ಆರು ಗಂಟೆ ಆಯ್ತು, ತಾನೇ ಇಳಿದು ಮನೆಗೆ ಹೋಯ್ತು. ಎಕ್ಸ್‌ಟೆನ್ಷನ್ ಕೇಳಲಿಲ್ಲ."

ಸೂರ್ಯನಾರಾಯಣ ಕನ್ನಡಕ ತೆಗೆದು ಒರೆಸಿಕೊಂಡರು. "ಪುಸ್ತಕ ಕೊಡಮ್ಮ ಇಲ್ಲಿ," ಎಂದರು. ನಿಧಾನವಾಗಿ ಪುಟ ತಿರುವಿದರು. "ಮೇಲಕ್ಕೇರಿದವರು ಸಕಾಲದಲ್ಲಿ ತಾವಾಗಿಯೇ ಇಳಿಯತಕ್ಕದ್ದು. ಅಚ್ಛಾ! ಇದು ಎಲ್ಲ ಕಚೇರಿಗಳಲ್ಲೂ ಇರಬೇಕಾದ ಪುಸ್ತಕ."

ಅಲ್ಲಿಂದ ಸರೋಜಿನಿ ನಗರ. ಸುಶೀಲಮ್ಮ ಮಗಳ ಕ್ವಾರ್ಟರ್ಸಿನಲ್ಲಿದ್ದರು. ನಮಗೆ ಚಹಾ ಕೊಡುವ ಮುಂಚೆ ಕೈ ತೊಳೆಸಿದರು. ಅವರಿಗೆ ಪುಸ್ತಕದ ಮೇಲಿದ್ದ ಆಕ್ಷೇಪ ಒಂದೇ, ಸೆಗಣಿ. ವೈಜಯಂತಿ ಆ ಪುಟಕ್ಕೆ ಹೋಗಲೇ ಇಲ್ಲ. ಹಪ್ಪಳದ ಪುಟ ತೆರೆದು ಎದುರಿಗೆ ಹಿಡಿದಳು.

"ನೋಡಿ ಸುಶೀಲಮ್ಮನೋರೇ, ತಿನ್ನೋ ಪದಾರ್ಥ. ಮುಚ್ಚಿಲ್ಲ!"

"ಅಯ್ಯೋ, ಒಂದು ತೆಳ್ಳನೆ ಬಟ್ಟೇನೂ ಹೊದಿಸಿಲ್ವಲ್ಲ!" ಎಂದರು ಸುಶೀಲಮ್ಮ, ನಿಜವಾದ ಹಪ್ಪಳವನ್ನೇ ಕಂಡವರಂತೆ. "ನೊಣ ಕೂರುತ್ತೆ, ಧೂಳು ಬೀಳುತ್ತೆ. ಎಮ್ಮೆ ಬಂದದ್ದರಲ್ಲಿ ಏನಾಶ್ಚರ್ಯ? ಮಕ್ಕಳಿಗೆ ಇದನ್ನ ಹೇಳಿಕೊಡಲೇಬೇಕು."

ವೆಂಕಟಸುಬ್ಬಯ್ಯನವರ ಸರದಿ ಮಾರನೆಯ ದಿನ. ದಿಲ್ಲಿಯ ಮಕ್ಕಳ ಬಾಯಲ್ಲಿ ಕನ್ನಡ ಸಾಯುತ್ತಿದೆ ಎನ್ನುವುದು ಅವರ ನಿತ್ಯದ ಕೊರಗು. ಹಿಂದಿ ಪದವೊಂದು ನಡುವೆ ನುಸುಳಿದರೆ ಅವರು ಮಾತನ್ನು ನಿಲ್ಲಿಸಿ, ಸರಿಯಾದ ಕನ್ನಡ ಪದ ಬರುವವರೆಗೂ ಕಾಯುತ್ತಿದ್ದರು. ಅವರ ಮುಂದೆ ವೈಜಯಂತಿ ದನಿ ತಗ್ಗಿಸಿದಳು. "ಮೇಷ್ಟ್ರೇ, ಭೂಪಟದಲ್ಲಿ ದಿಲ್ಲಿ ಮೇಲಿದೆ ಅಲ್ವೇ? ನಾವೆಲ್ಲ ಮಹಡಿ ಹತ್ತಿದೋರೇ. ಹುಲ್ಲು ತೋರಿಸಿದ್ರೂ ಎಮ್ಮೆ ಮರುಳಾಗಲಿಲ್ಲ. ಸಂಜೆಯಾದ ಮೇಲೆ ತನ್ನ ಕೊಟ್ಟಿಗೆ ಮರೀಲಿಲ್ಲ."

ವೆಂಕಟಸುಬ್ಬಯ್ಯನವರು ಪುಸ್ತಕವನ್ನು ಎದೆಗೆ ಒತ್ತಿಕೊಂಡರು. "ತಾಯ್ನುಡಿ," ಎಂದರು. "ಕೊಟ್ಟಿಗೆ ಅಂದರೆ ತಾಯ್ನುಡಿ." ಕಣ್ಣಲ್ಲಿ ನೀರಿತ್ತು. ಮೆಟ್ಟಿಲಿಳಿಯುವಾಗ ನಾನು ವೈಜಯಂತಿಯನ್ನು ಚಿವುಟಿದೆ.

"ಮೂರು ಜನಕ್ಕೆ ಮೂರು ಸುಳ್ಳು! ಸಭೇಲಿ ಏನು ಮಾಡ್ತೀಯೇ?"

"ಒಂದೂ ಸುಳ್ಳಲ್ಲ. ಎಮ್ಮೆ ಆರಕ್ಕೆ ಇಳಿದದ್ದು ನಿಜ, ಹಪ್ಪಳ ಮುಚ್ಚದೇ ಇದ್ದದ್ದು ನಿಜ, ಕೊಟ್ಟಿಗೆಗೆ ಹೋದದ್ದೂ ನಿಜ. ಮಿಕ್ಕದ್ದನ್ನ ಅವರವರೇ ಸೇರಿಸ್ಕೊಂಡ್ರು."

ಜನವರಿಯ ಎರಡನೇ ಭಾನುವಾರ ಸಭೆ. ಮಂಜು ಹತ್ತು ಗಂಟೆಯಾದರೂ ಕರಗಿರಲಿಲ್ಲ. ತರಗತಿಯ ಕೋಣೆಯಲ್ಲೇ ಒಂದು ಮೂಲೆಗೆ ಹೀಟರ್ ಇಟ್ಟು ಹಿರಿಯರು ಮೂವರೂ ಕೂತರು, ನಾನೂ ವೈಜಯಂತಿಯೂ ಬಾಗಿಲ ಬಳಿ ಕೂತೆವು. ಮಕ್ಕಳನ್ನು ಹೊರಗೆ ಆಡಲು ಕಳಿಸಲಾಗಿತ್ತು. ಸೂರ್ಯನಾರಾಯಣ ಅವರು ಮಂಕಿ ಕ್ಯಾಪ್ ತೆಗೆದು ಸಭೆ ಆರಂಭಿಸಿದರು.

"ಎಮ್ಮೆಯ ಪುಸ್ತಕಕ್ಕೆ ಮೂವರದೂ ಒಪ್ಪಿಗೆ ಬಂದಿದೆ. ಸಂತೋಷ. ಹನ್ನೊಂದನೇ ಕಲಂ ಓದಿ, ಸರಳಾ."

ನಾನು ಎದೆ ಗಟ್ಟಿ ಮಾಡಿಕೊಂಡು ಮೂವರೂ ತುಂಬಿ ಕಳಿಸಿದ್ದ ನಮೂನೆಗಳನ್ನು ಓದಿದೆ. ಮೇಲೇರಿದವರು ಸಕಾಲದಲ್ಲಿ ಇಳಿಯತಕ್ಕದ್ದು. ಆಹಾರವನ್ನು ಮುಚ್ಚಿಡಬೇಕು. ದೂರದಲ್ಲಿದ್ದರೂ ತಾಯ್ನುಡಿಯನ್ನು ಮರೆಯಬಾರದು.

ಸೂರ್ಯನಾರಾಯಣ ನನ್ನ ಕೈಯಿಂದ ನಮೂನೆಗಳನ್ನು ತೆಗೆದುಕೊಂಡು ಮತ್ತೊಮ್ಮೆ ನೋಡಿದರು.

"ತಾಯ್ನುಡಿ ಎಲ್ಲಿಂದ ಬಂತು ಸ್ವಾಮಿ?" ಎಂದರು ಸೂರ್ಯನಾರಾಯಣ.

"ಎಮ್ಮೆ ಅಂದರೆ ದಿಲ್ಲಿ ಕನ್ನಡಿಗ. ಸ್ಪಷ್ಟವಾಗಿದೆ."

"ನನ್ನನ್ನ ಎಮ್ಮೆ ಅಂತೀರಾ?"

"ನೀವು ಮಾತ್ರ ಅಲ್ಲ, ನಾನೂ."

"ಎಮ್ಮೆ ಯಾರಾದರೂ ಆಗಿರಲಿ," ಎಂದು ಸುಶೀಲಮ್ಮ ನಡುವೆ ಬಂದರು. "ಹಪ್ಪಳ ಮುಚ್ಚಿದ್ರೆ ನಿಮ್ಮ ನಿವೃತ್ತೀನೂ ಇಲ್ಲ, ಇವರ ತಾಯ್ನುಡೀನೂ ಇಲ್ಲ. ಎಮ್ಮೆ ಮೇಲಕ್ಕೇ ಬರ್ತಿರಲಿಲ್ಲ."

ಇಪ್ಪತ್ತು ನಿಮಿಷ ವಾದ ನಡೆಯಿತು. ನಾನು ಗಮನಿಸಿದ್ದೆಂದರೆ, ಮೂವರಲ್ಲಿ ಒಬ್ಬರೂ ಪುಸ್ತಕ ಬೇಡ ಎನ್ನಲಿಲ್ಲ. ಒಬ್ಬೊಬ್ಬರೂ ತಮ್ಮ ಎಮ್ಮೆಯನ್ನು ಉಳಿದಿಬ್ಬರಿಂದ ಕಾಪಾಡುತ್ತಿದ್ದರು. ಕೊನೆಗೆ ಸುಶೀಲಮ್ಮನೇ, "ಈ ಹಪ್ಪಳದ ವಿಷಯ ನನಗೆ ತೋರಿಸಿದ್ದು ವೈಜಯಂತಿ" ಎಂದುಬಿಟ್ಟರು. "ನನಗೂ," ಎಂದರು ಸೂರ್ಯನಾರಾಯಣ. "ನನಗೂ," ಎಂದರು ವೆಂಕಟಸುಬ್ಬಯ್ಯ. ಮೂರು ತಲೆಗಳೂ ಒಟ್ಟಿಗೆ ತಿರುಗಿದವು.

ವೈಜಯಂತಿಯ ಕಿವಿ ಕೆಂಪಾಯಿತು. ಅವಳು ನಾಚಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಏನಮ್ಮ, ಇದರ ನಿಜವಾದ ನೀತಿ ಯಾವುದು?" ಎಂದು ಸೂರ್ಯನಾರಾಯಣ ಕೇಳಿದರು. ದನಿಯಲ್ಲಿ ಕೆಂಪು ಶಾಯಿ ಇತ್ತು.

"ನನಗೆ ಗೊತ್ತಿಲ್ಲ ಸಾರ್, ಸತ್ಯವಾಗಿ," ಎಂದಳು. "ಓದೋರು ಅವರು. ಅವರನ್ನೇ ಕೇಳೋಣ."

ಮಕ್ಕಳು ಕೆಂಪು ಮೂಗುಗಳೊಂದಿಗೆ ಒಳಗೆ ಬಂದು ಜಮಖಾನದ ಮೇಲೆ ಕೂತರು. ಸೂರ್ಯನಾರಾಯಣ ಅವರು ಹರ್ಷಿಣಿಯನ್ನು ಎಬ್ಬಿಸಿದರು.

"ಮಗೂ, ಎಮ್ಮೆ ಕತೆಯಿಂದ ನೀನು ಏನು ಕಲಿತೆ?"

ಹರ್ಷಿಣಿ ಬಹಳ ಹೊತ್ತು ಯೋಚಿಸಿದಳು. "ಎಮ್ಮೆ ಮೆಟ್ಟಿಲು ಹತ್ತಬಹುದು," ಎಂದಳು. ಸಾಲದೆಂದು ತೋರಿತೇನೋ, "ಇಳೀಬಹುದು ಭೀ" ಎಂದು ಸೇರಿಸಿದಳು. ಆಮೇಲೆ ಪುಸ್ತಕವನ್ನು ಅವರ ತೊಡೆಯ ಮೇಲಿಟ್ಟು, "ಅಂಕಲ್, ನೀವು ಓದಿ" ಎಂದಳು.

ಮೂವತ್ತೈದು ವರ್ಷ ಕಡತ ಓದಿದ ದನಿ. 'ಎಮ್ಮೆ ಮಹಡಿ ಹತ್ತಿತು' ಎನ್ನುವುದು ಅವರ ಬಾಯಲ್ಲಿ ರಾಜಪತ್ರದ ಅಧಿಸೂಚನೆಯಂತೆ ಕೇಳಿಸಿತು. ಮಕ್ಕಳಿಗೆ ಅದೂ ಇಷ್ಟವಾಯಿತು. ಬಾಲದ ಪುಟ ಬಂತು. ಹನ್ನೊಂದು ತಲೆಗಳು ಕೂದಲು ಕೊಡವಿದವು. ಸೂರ್ಯನಾರಾಯಣ ಬೆಚ್ಚಿ ಓದುವುದನ್ನು ನಿಲ್ಲಿಸಿದರು. ಅವರ ನುಣ್ಣನೆ ತಲೆ ಹೀಟರಿನ ಬೆಳಕಿಗೆ ಹೊಳೆಯುತ್ತಿತ್ತು. ಗಗನ್ ಅದನ್ನೇ ನೋಡಿ ಕನಿಕರದಿಂದ ಹೇಳಿದ: "ಅಂಕಲ್ ಹತ್ರ ಬಾಲಾನೇ ಇಲ್ಲ!"

ಆಗ ವೆಂಕಟಸುಬ್ಬಯ್ಯನವರು ಗಂಭೀರವಾಗಿ, "ವಾಕ್ಯ ವ್ಯಾಕರಣಬದ್ಧವಾಗಿದೆ. ಸತ್ಯವೂ ಹೌದು" ಎಂದರು. ಸುಶೀಲಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ವೆಂಕಟಸುಬ್ಬಯ್ಯನವರು ಎದ್ದು ಮಕ್ಕಳ ಮುಂದೆ ನಿಂತು ವಿವರಿಸತೊಡಗಿದರು. "ಬಾಲ ಅಂದರೆ ಕೂದಲಲ್ಲ ಮಕ್ಕಳೇ. ಬಾಲ ಅಂದರೆ... ಹಿಂದೆ ಇರುತ್ತದಲ್ಲ..." ಮಕ್ಕಳು ಪಿಳಿಪಿಳಿ ನೋಡಿದರು. ಮೇಷ್ಟ್ರು ಕೈಯನ್ನು ಬೆನ್ನ ಹಿಂದೆ ಒಯ್ದು ಬೀಸಿದರು. ಅದಕ್ಕೂ ಮಕ್ಕಳಿಗೆ ತಿಳಿಯಲಿಲ್ಲ. "ಪೂಂಛ್! ಪೂಂಛ್ ಕಣ್ರೋ!" ಎಂದು ಕೊನೆಗೆ ಹಿಂದಿಯಲ್ಲೇ ಕೂಗಿದರು.

ಮೊದಲು ನಕ್ಕವರು ಸೂರ್ಯನಾರಾಯಣ. ನಕ್ಕು ನಕ್ಕು ಅವರಿಗೆ ಕೆಮ್ಮು ಬಂತು. ಸುಶೀಲಮ್ಮ ಎದ್ದು ಬೆನ್ನು ತಟ್ಟಿದರು. ಮಿಕ್ಕ ಪುಟಗಳನ್ನು ಅವರು ಕೆಮ್ಮುತ್ತಲೇ ಓದಿದರು. ಮುಗಿಸಿದ ಮೇಲೆ ನನಗೆ ನಡಾವಳಿ ಹೇಳಿ ಬರೆಸಿದರು: 'ಹನ್ನೊಂದನೇ ಕಲಂ ಕುರಿತು ಸದಸ್ಯರಲ್ಲಿ ಭಿನ್ನಾಭಿಪ್ರಾಯವಿದೆ. ಮಕ್ಕಳಲ್ಲಿ ಇಲ್ಲ. ಪುಸ್ತಕವನ್ನು ಅಂಗೀಕರಿಸಲಾಗಿದೆ.'

ವೈಜಯಂತಿಯ ಕಡೆ ತಿರುಗಿ, "ನೀನು ಸಚಿವಾಲಯದಲ್ಲಿರಬೇಕಿತ್ತಮ್ಮ" ಎಂದರು. ಅದು ಹೊಗಳಿಕೆಯೋ ಬೈಗುಳವೋ ಇಂದಿಗೂ ನನಗೆ ತಿಳಿದಿಲ್ಲ.

ಸುಶೀಲಮ್ಮ ಮಾತ್ರ ಒಂದು ಷರತ್ತು ಹಾಕಿದರು. ಕೊನೆಯ ಪುಟದ ಮೇಲೆ ಬಿಳಿ ಕಾಗದ ಅಂಟಿಸಬೇಕು, ಸೆಗಣಿ ಕಾಣಕೂಡದು. ವೈಜಯಂತಿ ತಲೆಬಾಗಿ ಒಪ್ಪಿಕೊಂಡಳು. ಮಾರ್ಚಿನಲ್ಲಿ ಇಪ್ಪತ್ತು ಪ್ರತಿ ಬಂದವು. ಇಪ್ಪತ್ತರಲ್ಲೂ ಅವಳು ನೀಟಾಗಿ ಬಿಳಿ ಕಾಗದ ಕತ್ತರಿಸಿ ಅಂಟಿಸಿದಳು. ಅಂಟಿಸಿದ್ದು ಮೇಲಿನ ಅಂಚಿಗೆ ಮಾತ್ರ. ಉಳಿದ ಮೂರು ಕಡೆ ಸಡಿಲ. ಮೊದಲ ಭಾನುವಾರವೇ ಮಕ್ಕಳು ಕಾಗದವನ್ನು ಕಿಟಕಿಯ ಪರದೆಯಂತೆ ಎತ್ತಿ ನೋಡಿ ಕಿರುಚಿಕೊಂಡರು. ಮೊದಲಿಗಿಂತ ಸೆಗಣಿಗೆ ಗೌರವ ಹೆಚ್ಚಿತು. ಹದಿನೈದು ಪುಟಗಳನ್ನು ತಪ್ಪಿಲ್ಲದೆ ಓದಿದವರು ಮಾತ್ರ ಪರದೆ ಎತ್ತಬಹುದು ಎಂದು ವೈಜಯಂತಿ ನಿಯಮ ಮಾಡಿದಳು. ಬೇಸಿಗೆ ರಜೆ ಬರುವಷ್ಟರಲ್ಲಿ ಹನ್ನೊಂದು ಮಕ್ಕಳೂ ಓದುತ್ತಿದ್ದರು.

ಸುಶೀಲಮ್ಮ ಒಮ್ಮೆ ತಪಾಸಣೆಗೆ ಬಂದರು. ಪುಸ್ತಕ ತೆಗೆದು ಕೊನೆಯ ಪುಟ ನೋಡಿದರು. ಅತ್ತಿತ್ತ ಕಣ್ಣಾಡಿಸಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ತಾವೂ ಕಾಗದ ಎತ್ತಿದರು. ಆಮೇಲೆ ಪುಸ್ತಕವನ್ನು ಕಪಾಟಿನಲ್ಲಿಟ್ಟು ಕೈ ತೊಳೆಯಲು ಹೋದರು.

ಜುಲೈನಲ್ಲಿ ಹರ್ಷಿಣಿ, ಗಗನ್ ಮತ್ತು ಸ್ಫೂರ್ತಿ ಎಂಬ ಇನ್ನೊಬ್ಬಳು ಸೇರಿ ತಾವೇ ಒಂದು ಪುಸ್ತಕ ಬರೆದರು. ಎಮ್ಮೆ 620 ನಂಬರ್ ಬಸ್ ಹತ್ತುವ ಕತೆ. ಎಂಟು ಪುಟ, ಬಣ್ಣದ ಪೆನ್ಸಿಲ್ ಚಿತ್ರ, ಅಕ್ಷರ ಕನ್ನಡ, ಮಾತು ಅರ್ಧ ಹಿಂದಿ. ವೈಜಯಂತಿ ಅದಕ್ಕೂ ಹತ್ತೊಂಬತ್ತು ಕಲಂಗಳ ನಮೂನೆ ಲಗತ್ತಿಸಿ ಸಮಿತಿಗೆ ಕಳಿಸಿದಳು. ವೆಂಕಟಸುಬ್ಬಯ್ಯನವರು ಏಳು ಕಾಗುಣಿತ ತಿದ್ದಿದರು; ಮುಂದೆ ಸರಿಯಿರಿ ಎಂದು ಕಂಡಕ್ಟರ್ ಹಿಂದಿಯಲ್ಲಿ ಕೂಗುವ 'ಆಗೇ ಬಢೋ' ಸಾಲನ್ನು ಮುಟ್ಟಲಿಲ್ಲ. ಸೂರ್ಯನಾರಾಯಣ ಅವರ ಷರಾ ಕೆಂಪು ಶಾಯಿಯಲ್ಲೇ ಬಂತು: 'ಎಮ್ಮೆಯು ಮಹಿಳೆಯರ ಸೀಟಿನಲ್ಲಿ ಕುಳಿತಿರುವುದು ನಿಯಮಬದ್ಧವಾಗಿದೆ. ಆಕ್ಷೇಪಣೆ ಇಲ್ಲ.'